ಟ್ರೇಕಿಯಾಸ್ಟಮಿ ಕೊಳವೆಯ ಅಡಚಣೆ

ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಅದರಲ್ಲಿ ಕೊಳವೆಯಿರಿಸಿ ಉಸಿರಾಟಕ್ಕೆ ದಾರಿ ಕಲ್ಪಿಸುವ ಶಸ್ತ್ರಕ್ರಿಯೆಗೆ ಟ್ರೇಕಿಯಾಸ್ಟಮಿ ಎಂದು ಹೆಸರು. ಈ ಕೊಳವೆ ಕಟ್ಟಿಕೊಳ್ಳುವುದು ಅಥವಾ ಸ್ಥಾನದಿಂದ ಜಾರುವುದು ರೋಗಿಯ ಜೀವಕ್ಕೆ ಅಪಾಯ ತರಬಲ್ಲ ತೊಡಕು.

ಕಾರಣಗಳು: ಒಳಗೆಳೆದ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ತುಂಬುವುದು ಮೂಗಿನ ಕೆಲಸ. ಕೊಳವೆಯ ಮೂಲಕ ಉಸಿರಾಡುವಾಗ ಈ ಸಂಸ್ಕಾರ ತಪ್ಪಿ ಒಣಗಾಳಿ ನೇರವಾಗಿ ಶ್ವಾಸನಾಳವನ್ನು ಸೇರುವುದರಿಂದ ಕಫ ಅಂಟಂಟಾಗಿ, ಕೊಳವೆಯ ಒಳಗೋಡೆಗೆ ಪದರಪದರವಾಗಿ ಕಟ್ಟಿ, ಕೊನೆಗೆ ಬಿರಡೆಯಂತೆ ಕೂರುತ್ತದೆ. ನಯವಾಗಿ ಹರಿಯುವ ಗಾಳಿಗೆ ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ತಡೆ 16 ಪಟ್ಟು ಏರುವುದರಿಂದ, ಮಕ್ಕಳ ಸಣ್ಣ ಕೊಳವೆಗಳಲ್ಲಿ ತೆಳು ಪದರವೂ ತೊಂದರೆ ಕೊಡುತ್ತದೆ. ಹೆಪ್ಪುಗಟ್ಟಿದ ರಕ್ತ ಮತ್ತು ಕೊಳವೆಯ ತುದಿ ಉಜ್ಜಿದಲ್ಲಿ ಬೆಳೆಯುವ ಮಾಂಸಾಂಕುರ ಇತರ ಕಾರಣಗಳು. ಶಸ್ತ್ರಕ್ರಿಯೆಯ ನಂತರದ ಮೊದಲ ವಾರದಲ್ಲಿ ರಂಧ್ರದ ದಾರಿ ಇನ್ನೂ ಗಟ್ಟಿಯಾಗಿರದ ಕಾರಣ, ಜಾರಿದ ಕೊಳವೆಯನ್ನು ಮರಳಿ ತೂರಿಸುವಾಗ ಅದು ಶ್ವಾಸನಾಳದ ಬದಲು ಮುಂದಿನ ಅಂಗಾಂಶಕ್ಕೆ ಹೊಕ್ಕುಬಿಡಬಹುದು. ಕೊಳವೆಯ ಸುತ್ತಲಿನ ಬಲೂನು ಉಬ್ಬಿರುವಾಗ, ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಮಾತಿನ ಕವಾಟ ತೊಡಿಸಿದರೆ, ಒಳಹೋದ ಗಾಳಿಗೆ ಹೊರಬರುವ ದಾರಿಯೇ ಇರುವುದಿಲ್ಲ.

ಲಕ್ಷಣಗಳು: ಉಸಿರಿನಲ್ಲಿ ಸಿಳ್ಳೆಯಂಥ ಅಥವಾ ಗೊರಗೊರ ಸದ್ದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಸೆಳೆಯುವುದು, ಚಡಪಡಿಕೆ ಮತ್ತು ಬೆವರು ಮೊದಲು ಕಾಣುತ್ತವೆ, ತುಟಿ ನೀಲಿಗಟ್ಟುವುದು ತಡವಾಗಿ ಕಾಣುವ ಲಕ್ಷಣವಾದ್ದರಿಂದ ಅದಕ್ಕಾಗಿ ಕಾಯುವಂತಿಲ್ಲ.

ತುರ್ತು ಚಿಕಿತ್ಸೆ: ನೆರವಿಗೆ ಕರೆದು, ಮುಖಕ್ಕೂ ಕುತ್ತಿಗೆಯ ರಂಧ್ರಕ್ಕೂ ಆಮ್ಲಜನಕ ಕೊಟ್ಟು, ಕವಾಟ ಅಥವಾ ಮುಚ್ಚಳವನ್ನೂ ಒಳಕೊಳವೆಯನ್ನೂ ತೆಗೆದು, ಕಫ ಹೀರುವ ನಳಿಕೆಯನ್ನು ತೂರಿಸಿ ನೋಡಲಾಗುತ್ತದೆ. ನಳಿಕೆ ಇಳಿಯದಿದ್ದರೆ ಬಲೂನಿನ ಗಾಳಿ ಬಿಡಲಾಗುತ್ತದೆ. ಅದರಿಂದಲೂ ಉಸಿರು ಸರಾಗವಾಗದಿದ್ದರೆ ತರಬೇತಿ ಪಡೆದವರು ಕೊಳವೆಯನ್ನೇ ಹೊರತೆಗೆದು, ಬಾಯಿಯಿಂದಲೋ ರಂಧ್ರದಿಂದಲೋ ಆಮ್ಲಜನಕ ಒದಗಿಸುತ್ತಾರೆ. ಆದರೆ ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆದವರಲ್ಲಿ ಬಾಯಿಗೂ ಶ್ವಾಸಕೋಶಕ್ಕೂ ಸಂಪರ್ಕವಿರದ ಕಾರಣ, ರಂಧ್ರವೊಂದೇ ದಾರಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಈ ಭೇದವನ್ನು ಹಾಸಿಗೆಯ ತಲೆಭಾಗದಲ್ಲಿ ಹಸಿರು ಮತ್ತು ಕೆಂಪು ಫಲಕಗಳಿಂದ ಸೂಚಿಸುವ ಪದ್ಧತಿ ಬಳಕೆಯಲ್ಲಿದೆ.

ತಡೆ: ಮೂಗು ಮಾಡುತ್ತಿದ್ದ ಕೆಲಸವನ್ನು ಕೃತಕವಾಗಿ ನಡೆಸುವುದೇ ಮುಖ್ಯ ಉಪಾಯ. ಗಾಳಿಗೆ ತೇವ ಸೇರಿಸಿ, ಅಗತ್ಯಕ್ಕೆ ತಕ್ಕಂತೆ ಕಫ ಹೀರಿ, ಒಳಕೊಳವೆಯನ್ನು ದಿನಕ್ಕೆ ಹಲವು ಬಾರಿ ತೆಗೆದು ತೊಳೆಯಬೇಕು. ಅದೇ ಅಳತೆಯ ಒಂದು ಮತ್ತು ಅದಕ್ಕಿಂತ ಸಣ್ಣದಾದ ಇನ್ನೊಂದು ಬದಲಿ ಕೊಳವೆ, ಕಫ ಹೀರುವ ಯಂತ್ರ ಇವು ರೋಗಿ ಮನೆಗೆ ಮರಳಿದ ಮೇಲೂ ಕೈಗೆಟಕುವಂತಿರಬೇಕು.