ಮೆಗಾಪಿಕ್ಸೆಲ್ ಎಣಿಕೆಯ ಆಚೆಗೆ: ಕೆನಾನ್–ನಿಕಾನ್ ಪೈಪೋಟಿಯ ಒಂದು ಅವಲೋಕನ

ಡಿಜಿಟಲ್ ಕ್ಯಾಮೆರಾದ ಗುಣಮಟ್ಟವನ್ನು ಮೆಗಾಪಿಕ್ಸೆಲ್ಲುಗಳಿಂದ ಅಳೆಯುವ ವಾಡಿಕೆ ಬಹುಕಾಲ ಪ್ರಚಲಿತವಾಗಿತ್ತು. ಮಾರಾಟಗಾರರಿಗೆ ಅದು ಅನುಕೂಲವೂ ಆಗಿತ್ತು. ಆದರೆ ಜಪಾನಿನ ಕೆನಾನ್ ಮತ್ತು ನಿಕಾನ್ ಸಂಸ್ಥೆಗಳ ಪೈಪೋಟಿಯನ್ನು ಪರಿಶೀಲಿಸಿದರೆ, ನಿರ್ಣಾಯಕವಾದದ್ದು ಬೇರೆಯೇ ಎಂಬುದು ಮನವರಿಕೆಯಾಗುತ್ತದೆ. ಅದು ‘ನಾಯ್ಸ್’, ಅಂದರೆ ಚಿತ್ರದಲ್ಲಿ ಒರಟು ಚುಕ್ಕೆಗಳಾಗಿ ಕಾಣುವ ವಿದ್ಯುತ್ ಕಲಬೆರಕೆಯ ನಿವಾರಣೆ.

ಈ ಕಥನದ ಆರಂಭ ಅಮೆರಿಕದಲ್ಲಿದೆ. ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ನಿರ್ಮಿಸಿದ ಕ್ಯಾಮೆರಾ 0.01 ಮೆಗಾಪಿಕ್ಸೆಲ್‌ನದು, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. 1991ರ ಕೊಡ್ಯಾಕ್ ಡಿಸಿಎಸ್‌ನಲ್ಲಿ ಹೊರಮೈ ನಿಕಾನ್ ಎಫ್3ರದು, ಒಳಗಿನ ಸೆನ್ಸರ್ ಕೊಡ್ಯಾಕ್‌ನದು. ಇಷ್ಟು ಮುಂಚೂಣಿಯಲ್ಲಿದ್ದ ಸಂಸ್ಥೆಯೇ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು.

1999ರಲ್ಲಿ ನಿಕಾನ್ ತನ್ನ ಡಿ1 ಕ್ಯಾಮೆರಾವನ್ನು ಹೊರತಂದಿತು. ಅದರಲ್ಲಿದ್ದುದು 2.7 ಮೆಗಾಪಿಕ್ಸೆಲ್‌ನ ಸಿಸಿಡಿ ಸೆನ್ಸರ್. ಮರುವರ್ಷದ ಕೆನಾನ್ ಡಿ30 ಕೇವಲ 3.1 ಮೆಗಾಪಿಕ್ಸೆಲ್‌ನದಾದರೂ, ಅದರ ಸೆನ್ಸರ್ ಕೆನಾನ್ ತಾನೇ ತಯಾರಿಸಿದ ಸಿಮಾಸ್ ಬಗೆಯದು. ಸಿಸಿಡಿಯಲ್ಲಿ ವಿದ್ಯುದಂಶವು ಸಾಲುಸಾಲಾಗಿ ಸಾಗಿ ಹೊರದ್ವಾರವನ್ನು ತಲುಪುತ್ತದೆ. ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್ಲಿಗೂ ತನ್ನದೇ ವರ್ಧಕವಿರುತ್ತದೆ. ವರ್ಧಕಗಳು ಒಂದರಂತೆ ಇನ್ನೊಂದಿರುವುದಿಲ್ಲವಾದ್ದರಿಂದ ನಾಯ್ಸ್ ಹೆಚ್ಚು. ಆ ಕಾರಣಕ್ಕಾಗಿಯೇ ಸಿಮಾಸ್ ಅಗ್ಗದ ಉಪಕರಣಗಳಿಗೆ ತಕ್ಕದ್ದೆಂಬ ಅಭಿಪ್ರಾಯವಿತ್ತು. ಕೆನಾನ್ ಮೊದಲು ನಾಯ್ಸನ್ನಷ್ಟೇ ಓದಿ, ಬಳಿಕ ಬೆಳಕಿನ ಸಂಕೇತದೊಡನೆ ಬೆರೆತದ್ದನ್ನು ಓದಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯುವ ವಿಧಾನವನ್ನು ಸೆನ್ಸರಿನಲ್ಲಿಯೇ ಅಳವಡಿಸಿತು. ಉಪಾಯ ಸರಳವೆನಿಸಬಹುದು, ಪರಿಣಾಮ ಸಾಮಾನ್ಯವಾದುದಲ್ಲ. 2002ರಲ್ಲಿ 35 ಮಿ.ಮೀ. ಫಿಲ್ಮಿನ ಪೂರ್ಣ ಅಳತೆಯ, 11 ಮೆಗಾಪಿಕ್ಸೆಲ್‌ನ 1ಡಿಎಸ್ ಬಂದಿತು.

ನಿಕಾನ್‌ಗೆ ಆ ಅಳತೆಯನ್ನು ತಲುಪಲು 2007ರ ಡಿ3ರವರೆಗೆ ಕಾಯಬೇಕಾಯಿತು. ಅದೂ 12.1 ಮೆಗಾಪಿಕ್ಸೆಲ್ ಮಾತ್ರ. ಅದೇ ವರ್ಷದ ಕೆನಾನ್ 1ಡಿಎಸ್ ಮಾರ್ಕ್ 3ರದು 21.1. ಆದರೆ ಡಿ3ರ ಸಾಮಾನ್ಯ ಐಎಸ್ಒ ವ್ಯಾಪ್ತಿ 6400ರವರೆಗೆ ಇದ್ದರೆ, ಕೆನಾನ್‌ನದು 1600ಕ್ಕೇ ನಿಲ್ಲುತ್ತಿತ್ತು. ಸ್ಟುಡಿಯೋದ ದೊಡ್ಡ ಮುದ್ರಣಗಳಿಗೆ ಕೆನಾನ್ ಮೇಲೆಂಬುದು ನಿಜ. ಒಳಾಂಗಣ ಕ್ರೀಡೆ ಮತ್ತು ಸುದ್ದಿಯ ಮಂದ ಬೆಳಕಿನಲ್ಲಿ, ಎಣಿಕೆಯಲ್ಲಿ ಹಿಂದುಳಿದ ಕ್ಯಾಮೆರಾವೇ ಮುಂದಿತ್ತು.

ಹಾಗಾದರೆ ಸೆನ್ಸರನ್ನು ತಾವೇ ತಯಾರಿಸುವವರಿಗೆ ಮೇಲುಗೈ ಎನ್ನಬಹುದೇ? 2012ರ ನಿಕಾನ್ ಡಿ800 ಈ ವಾದವನ್ನು ಒಪ್ಪುವುದಿಲ್ಲ. ಅದರ 36.3 ಮೆಗಾಪಿಕ್ಸೆಲ್ ಸೆನ್ಸರ್ ತಯಾರಾದದ್ದು ಸೋನಿಯಲ್ಲಿ. ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವ ಕೆಲಸ ಆ ಸೆನ್ಸರಿನೊಳಗೇ ನಡೆಯುತ್ತಿದ್ದುದರಿಂದ, ಅದೇ ವರ್ಷದ ಕೆನಾನ್ 5ಡಿ ಮಾರ್ಕ್ 3ಕ್ಕಿಂತ ನೆರಳಿನ ವಿವರಗಳು ಅದರಲ್ಲಿ ಸ್ವಚ್ಛವಾಗಿ ಉಳಿಯುತ್ತಿದ್ದವು.