ನರವಿಷ ತಗಲುವ ಮೊದಲೇ ರಕ್ಷಣೆ ಪಡೆಯಬಹುದೇ?

ಸಾರಿನ್, ಸೋಮನ್, ವಿಎಕ್ಸ್ ಮೊದಲಾದ ನರವಿಷಗಳು ನಿಮಿಷಗಳಲ್ಲಿ ಕೊಲ್ಲಬಲ್ಲವು. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ದಾಳಿಗೆ ಬಳಸಿದ್ದು ಸಾರಿನ್. ಇಂಥ ವಿಷಕ್ಕೆ ಮುಂಚಿತವಾಗಿಯೇ ಮದ್ದು ತೆಗೆದುಕೊಳ್ಳಲು ಸಾಧ್ಯವೇ?

ವಿಷ ಮಾಡುವುದೇನು?

ನರವು ಸ್ನಾಯುವಿಗೆ ಸಂದೇಶ ಕಳುಹಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದೊಡನೆ ಅದನ್ನು ಒಡೆಯುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ನರವಿಷ ಈ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು ಸುರಿಯುತ್ತದೆ, ಸೆಳೆತ ಬರುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ.

ಸೈನಿಕರ ಮಾತ್ರೆ

ಸೋಮನ್ ಅಂಟಿದ ಕಿಣ್ವವನ್ನು ಕೆಲವೇ ನಿಮಿಷಗಳ ನಂತರ ಯಾವ ಮದ್ದೂ ಬಿಡಿಸಲಾರದು. ಅದಕ್ಕಾಗಿ 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೊಡಲಾಯಿತು. ಇದು ಕಿಣ್ವದ ಒಂದು ಪಾಲನ್ನು ತಾನೇ ತಾತ್ಕಾಲಿಕವಾಗಿ ಹಿಡಿದುಕೊಂಡು, ವಿಷಕ್ಕೆ ಸಿಗದಂತೆ ಮಾಡಿ, ಕೆಲವು ಗಂಟೆಗಳಲ್ಲಿ ಬಿಟ್ಟುಕೊಡುತ್ತದೆ. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ನೀಡಿದ್ದು ಸೋಮನ್ ವಿರುದ್ಧ, ಸೈನಿಕರಿಗೆ ಮಾತ್ರ. ಮಾತ್ರೆಯೊಂದೇ ಸಾಲದು, ವಿಷ ತಗಲಿದ ಕೂಡಲೇ ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್ ಚುಚ್ಚುಮದ್ದು ಬೇಕೇ ಬೇಕು.

ಕಿಣ್ವವೇ ಕಾವಲುಗಾರ

ಇನ್ನೊಂದು ಉಪಾಯ, ವಿಷ ನರಗಳನ್ನು ಮುಟ್ಟುವ ಮೊದಲು ರಕ್ತದಲ್ಲೇ ಅದನ್ನು ಹಿಡಿಯುವುದು. ನಮ್ಮ ಯಕೃತ್ತು ತಯಾರಿಸುವ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಈ ಕೆಲಸ ಮಾಡಬಲ್ಲದು. ಹೆಚ್ಚುವರಿಯಾಗಿ ಕೊಟ್ಟಾಗ ಪ್ರಾಣಿಗಳು ಮಾರಕ ಪ್ರಮಾಣದ ವಿಷದಿಂದಲೂ ಉಳಿದಿವೆ.

ತೊಡಕು ಲೆಕ್ಕದ್ದು. ಕಿಣ್ವದ ಒಂದು ಹಿಡಿತಾಣ ವಿಷದ ಒಂದೇ ಅಣುವನ್ನು ಹಿಡಿದು ನಿಷ್ಕ್ರಿಯವಾಗುತ್ತದೆ. ಆ ಪುಟ್ಟ ಅಣುವಿಗಿಂತ ಕಿಣ್ವ ನೂರಾರು ಪಟ್ಟು ಭಾರ. ಹಾಗಾಗಿ ಒಬ್ಬರಿಗೇ ನೂರಾರು ಮಿಲಿಗ್ರಾಂ ಬೇಕು. ದಾನಿಗಳ ರಕ್ತದಿಂದ ಅಷ್ಟು ತೆಗೆಯುವುದು ಬಹಳ ದುಬಾರಿ. ಕುಲಾಂತರಿ ಮೇಕೆಗಳ ಹಾಲಿನಲ್ಲೂ ಅದನ್ನು ತಯಾರಿಸಿ ನೋಡಿದ್ದಾರೆ. ವಿಷದ ಅಣುಗಳನ್ನು ಒಂದರ ಹಿಂದೊಂದು ಒಡೆಯುತ್ತಲೇ ಹೋಗುವ ಕಿಣ್ವಗಳನ್ನು ರೂಪಿಸುವ ಸಂಶೋಧನೆಯೂ ನಡೆದಿದೆ.

ನಮಗೇನು ಸಂಬಂಧ?

ಆರ್ಗನೋಫಾಸ್ಫರಸ್ ಕೀಟನಾಶಕಗಳೂ ಇದೇ ಕಿಣ್ವವನ್ನು ಕೆಡಿಸುತ್ತವೆ. ಆಸ್ಪತ್ರೆಯಲ್ಲಿ ಮಾಡಿಸುವ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಅಳೆಯುವುದು ಇದರ ಇಳಿಕೆಯನ್ನೇ. ಔಷಧಿ ಸಿಂಪಡಿಸುವ ಮೊದಲು ನುಂಗಬಹುದಾದ ರಕ್ಷಣಾ ಮಾತ್ರೆ ಯಾವುದೂ ಇಲ್ಲ. ಕೈಗವಸು, ಮುಖಗವಸು, ಮೈತುಂಬ ಬಟ್ಟೆಯೇ ರಕ್ಷಣೆ. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ, ಸೋಪು ಹಚ್ಚಿ ತೊಳೆದು, ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.