ಪ್ರತಿ ಮಾಡಿ ಕಲಿತ ಚಿತ್ರಕಾರರು

ಅಕ್ಷರಾಭ್ಯಾಸದ ಮೊದಲ ದಿನಗಳಲ್ಲಿ ಮಗುವು ಉಪಾಧ್ಯಾಯರು ಬರೆದುಕೊಟ್ಟ ಅಕ್ಷರದ ಮೇಲೆಯೇ ತಿದ್ದಿ ತಿದ್ದಿ ಕಲಿಯುತ್ತದೆ. ಅದನ್ನು ನಕಲೆಂದು ಯಾರೂ ಹಳಿಯುವುದಿಲ್ಲ. ಅದೇ ಮಗುವು ಪುಸ್ತಕದ ಚಿತ್ರವೊಂದನ್ನು ನೋಡಿ ಬರೆದು ತಂದರೆ, ಸ್ವಂತದ್ದಲ್ಲವೆಂದು ನಾವು ಬದಿಗಿಡುತ್ತೇವೆ. ಈ ನ್ಯಾಯವು ಎಷ್ಟರಮಟ್ಟಿಗೆ ಸರಿ? ಯುರೋಪಿನ ಭಾವಚಿತ್ರವೊಂದರ ಚರಿತ್ರೆಯು ಈ ಪ್ರಶ್ನೆಗೆ ಬೆಳಕು ನೀಡುತ್ತದೆ.

ಇಟಲಿಯ ಉರ್ಬಿನೊ ನಗರದಲ್ಲಿ 1483ರಲ್ಲಿ ಜನಿಸಿದ ರಾಫೆಲನು ಚಿತ್ರಕಾರನ ಮಗ. ತಾರುಣ್ಯದಲ್ಲಿ ಅವನು ಪೆರುಜಿನೊ ಎಂಬ ಹಿರಿಯನ ಶೈಲಿಯನ್ನು ಎಷ್ಟು ನಿಷ್ಠೆಯಿಂದ ಅನುಸರಿಸಿದನೆಂದರೆ, ಇಬ್ಬರ ಕೃತಿಗಳನ್ನು ಬೇರ್ಪಡಿಸುವುದೇ ಕಷ್ಟವೆಂದು 16ನೆಯ ಶತಮಾನದ ವಸಾರಿಯು ಬರೆದಿದ್ದಾನೆ. 1504ರ ಸುಮಾರಿಗೆ ರಾಫೆಲನು ಫ್ಲಾರೆನ್ಸಿಗೆ ಬಂದನು. ಆ ಕಾಲಕ್ಕೆ ಲಿಯೊನಾರ್ಡೊ ದ ವಿಂಚಿಯು ಅಲ್ಲಿ ಮೋನಾ ಲೀಸಾ ಚಿತ್ರವನ್ನು ಆರಂಭಿಸಿದ್ದನು. ಓರೆಯಾಗಿ ತಿರುಗಿದ ದೇಹ, ನಮ್ಮತ್ತ ನೋಡುವ ಮುಖ, ಒಂದರ ಮೇಲೊಂದಿಟ್ಟ ಕೈಗಳು—ಈ ಭಂಗಿಯನ್ನು ರಾಫೆಲನು ಲೇಖನಿಯಿಂದ ಬರೆದು ಅಭ್ಯಾಸ ಮಾಡಿದನು; ಮದ್ದಲೇನಾ ದೋನಿ ಎಂಬಾಕೆಯ ಭಾವಚಿತ್ರದಲ್ಲಿ ಅದನ್ನೇ ಬಳಸಿದನು.

ಹತ್ತು ವರ್ಷಗಳ ತರುವಾಯ, 1514–15ರ ಸುಮಾರಿಗೆ, ಅವನು ತನ್ನ ಮಿತ್ರ ಬಾಲ್ದಸ್ಸಾರೆ ಕಸ್ತಿಲ್ಯೋನೆಯ ಭಾವಚಿತ್ರವನ್ನು ರಚಿಸಿದನು. 82 ಸೆಂಟಿಮೀಟರ್ ಎತ್ತರ, 67 ಸೆಂಟಿಮೀಟರ್ ಅಗಲದ ಈ ಚಿತ್ರ ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಭಂಗಿ ಮೋನಾ ಲೀಸಾಳದೇ. ಆದರೆ ಕಪ್ಪು, ಬೂದು, ಬಿಳಿ ಬಣ್ಣಗಳ ಸಂಯಮ, ನೀಲಿ ಕಣ್ಣುಗಳ ಶಾಂತಿ, ಇವು ರಾಫೆಲನವು. ಅನುಕರಣೆಯಿಂದ ಆರಂಭಿಸಿದವನು ತನ್ನದೇ ಆದುದನ್ನು ಕಂಡುಕೊಂಡಿದ್ದನು.

ಈ ಚಿತ್ರವೇ ಮುಂದೆ ಇತರರಿಗೆ ಗುರುವಾಯಿತು. ಫ್ಲಾಂಡರ್ಸಿನ ರೂಬೆನ್ಸನು ಮಾಡಿದ ಇದರ ಪ್ರತಿಯು ಈಗ ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹದಲ್ಲಿದೆ. ಐವತ್ತು ದಾಟಿ, ಯುರೋಪಿನಲ್ಲೆಲ್ಲ ಖ್ಯಾತನಾಗಿದ್ದರೂ 1628–29ರಲ್ಲಿ ಮ್ಯಾಡ್ರಿಡ್ಡಿನ ಅರಮನೆಯಲ್ಲಿ ಅವನು ಟಿಷಿಯನ್ನನ ಚಿತ್ರಗಳ ಮುಂದೆ ವಿದ್ಯಾರ್ಥಿಯಂತೆ ಕುಳಿತು ಪ್ರತಿ ಮಾಡಿದನು. ಆದಮ್ ಮತ್ತು ಈವರ ಚಿತ್ರದ ಪ್ರತಿಯಲ್ಲಿ ಮೂಲದಲ್ಲಿಲ್ಲದ ಗಿಳಿಯೊಂದನ್ನೂ ಸೇರಿಸಿದನು!

1639ರಲ್ಲಿ ಕಸ್ತಿಲ್ಯೋನೆಯ ಭಾವಚಿತ್ರವು ಆಮ್‌ಸ್ಟರ್‌ಡಾಮಿನಲ್ಲಿ ಹರಾಜಿಗೆ ಬಂದಿತು. ಅಲ್ಲಿದ್ದ ರೆಂಬ್ರಾಂಟನು ಕಾಗದದ ಮೇಲೆ ಅವಸರದಲ್ಲಿ ಅದರ ರೇಖಾಚಿತ್ರವನ್ನು ತೆಗೆದು, 3500 ಗಿಲ್ಡರುಗಳಿಗೆ ಮಾರಾಟವಾಯಿತೆಂದು ಪಕ್ಕದಲ್ಲಿ ಬರೆದಿಟ್ಟನು. ಆ ಕಾಗದ ಇಂದಿಗೂ ವಿಯೆನ್ನಾದಲ್ಲಿದೆ. ಚಿತ್ರವನ್ನು ಬೇರೊಬ್ಬನು ಕೊಂಡುಹೋದನು. ಪಾಠ ರೆಂಬ್ರಾಂಟನಲ್ಲಿ ಉಳಿಯಿತು. ಅದೇ ವರ್ಷ ತಾಮ್ರದ ಫಲಕದ ಮೇಲೆ, ಮರುವರ್ಷ ಬಣ್ಣದಲ್ಲಿ, ಅದೇ ಭಂಗಿಯನ್ನು ನೆನೆದು ಅವನು ತನ್ನ ಭಾವಚಿತ್ರವನ್ನೇ ರಚಿಸಿದನು. ಆಗ ಅವನಿಗೆ 34 ವರ್ಷ. ಟಿಷಿಯನ್ನನ ಭಾವಚಿತ್ರವೊಂದರ ಪ್ರಭಾವವೂ ಅದರಲ್ಲಿದೆ. ಆದರೂ ಅಲ್ಲಿನ ಮುಖ, ನೆರಳು, ಬೆಳಕು ಸಂಪೂರ್ಣವಾಗಿ ರೆಂಬ್ರಾಂಟನವೇ.

1793ರಲ್ಲಿ ಲೂವ್ರ್ ಸಾರ್ವಜನಿಕರಿಗೆ ತೆರೆದಾಗ ಪ್ರತಿ ಮಾಡಿ ಕಲಿಯುವ ಚಿತ್ರಕಾರರಿಗೆಂದೇ ದಿನಗಳನ್ನು ಮೀಸಲಿಟ್ಟರು. ಇಂದೂ ಅಲ್ಲಿ ಅನುಮತಿ ಪಡೆದು ಪ್ರತಿ ಮಾಡಬಹುದು; ಆದರೆ ಮೂಲದ ಅಳತೆಯಲ್ಲಿಯೇ ಮಾಡಕೂಡದೆಂಬ ನಿಯಮವಿದೆ. ಪ್ರತಿಯನ್ನು ಮೂಲವೆಂದು ಹೇಳಿ ಮೋಸಮಾಡಬಾರದೆಂಬುದೇ ಅದರ ಉದ್ದೇಶ. ಕಲಿಕೆಗೂ ಕಳವಿಗೂ ಇರುವ ಅಂತರವನ್ನು ಆ ನಿಯಮವು ಚೆನ್ನಾಗಿ ಗುರುತಿಸಿದೆ.

ನಮ್ಮ ಶಾಲೆಗಳ ಮಕ್ಕಳಿಗೆ ದೊಡ್ಡ ಸಂಗ್ರಹಾಲಯಗಳು ದೂರ. ಅವರ ಮುಂದಿರುವುದು ಪಾಠಪುಸ್ತಕದ ಮಸುಕಾದ ಚಿತ್ರ. ಇದರಿಂದ ಎದೆಗುಂದಬೇಕಾಗಿಲ್ಲ. ರೆಂಬ್ರಾಂಟನೂ ಇಟಲಿಯನ್ನು ಕಾಣಲಿಲ್ಲ. ತನ್ನ ಊರಿಗೆ ಬಂದುದನ್ನೇ ಕಣ್ಣಿಟ್ಟು ನೋಡಿದನು. ಮಗುವು ಚಿತ್ರವನ್ನು ನೋಡಿ ಬರೆದು ತಂದಾಗ, ಬೆಳಕು ಯಾವ ಕಡೆಯಿಂದ ಬಿದ್ದಿದೆ, ಕತ್ತು ಎತ್ತ ವಾಲಿದೆ ಎಂದು ನಾವು ಕೇಳೋಣ. ಬಳಿಕ ಪುಸ್ತಕವನ್ನು ಮುಚ್ಚಿಸಿ, ಪಕ್ಕದಲ್ಲಿ ಕುಳಿತ ಗೆಳೆಯನ ಮುಖವನ್ನು ಬರೆಯಹೇಳೋಣ. ತಿದ್ದಿದ ಕೈ ಎಷ್ಟು ಕಲಿತಿದೆಯೆಂಬುದು ಆಗ ತಾನಾಗಿಯೇ ತಿಳಿಯುವುದು.